ರೇಷ್ಮೆ ಹಿಡಿಯುತ್ತಿದ್ದ ಕೈ

ಇಳಕಲ್ಲಿನ ಆ ಓಣಿಯಲ್ಲಿ ಎಲ್ಲ ಕೂಸುಗಳೂ ಅಳುತ್ತವೆ. ಹಸಿದರೆ ಅಳುತ್ತವೆ, ಒದ್ದೆಯಾದರೆ ಅಳುತ್ತವೆ, ಏನೂ ಆಗದಿದ್ದರೂ ಅಳುತ್ತವೆ. ಮಗ್ಗಗಳ ಸದ್ದಿನ ನಡುವೆ ಆ ಅಳು ಕೇಳಿದರೆ ಯಾರಾದರೂ ಏಳುತ್ತಾರೆ. ತಾಯಿ ಏಳದಿದ್ದರೆ ಅಜ್ಜಿ, ಅಜ್ಜಿ ಏಳದಿದ್ದರೆ ಪಕ್ಕದ ಮನೆಯವಳು.

ಬಂದೇನವಾಜನ ಮಗಳು ಅರ್ಜು ಮಾತ್ರ ಅಳುತ್ತಿರಲಿಲ್ಲ.

ಅವಳಿಗೆ ಐದು ತಿಂಗಳು ತುಂಬುತ್ತ ಬಂದಿತ್ತು. ಪಡಸಾಲೆಯ ಮೂಲೆಯಲ್ಲಿ ಅವಳದೊಂದು ಕರೆಂಟ್ ತೊಟ್ಟಿಲು. ಗೋಡೆಗೆ ಪಿನ್ನು ಹಾಕಿ ಗುಂಡಿ ಒತ್ತಿದರೆ ಸಾಕು, ತಾನೇ ತೂಗುತ್ತಿತ್ತು. ಮೇಲೆ ಪ್ಲಾಸ್ಟಿಕ್ಕಿನ ಪಾರಿವಾಳಗಳು ತಿರುಗುತ್ತಿದ್ದವು. ಸಣ್ಣ ಡಬ್ಬಿಯೊಂದರಿಂದ ಹಾಡು ಬರುತ್ತಿತ್ತು. ಮಾತಿಲ್ಲದ ಹಾಡು. ಮುಗಿದ ಕೂಡಲೇ ಮತ್ತೆ ಮೊದಲಿನಿಂದ ಶುರುವಾಗುವ ಹಾಡು. ಅರ್ಜು ಅಂಗಾತ ಮಲಗಿ ಪಾರಿವಾಳಗಳನ್ನು ನೋಡುತ್ತಿದ್ದಳು. ನೋಡುತ್ತ ನಿದ್ದೆ ಹೋಗುತ್ತಿದ್ದಳು. ಎಚ್ಚರವಾದರೆ ಮತ್ತೆ ಅವನ್ನೇ ನೋಡುತ್ತಿದ್ದಳು.

ಓಣಿಯ ಹೆಂಗಸರು ಬಾಗಿಲಲ್ಲಿ ನಿಂತು ಇಣುಕುತ್ತಿದ್ದರು.

"ಎಂಥಾ ಶಾಣ್ಯಾ ಕೂಸವಾ ಇದು. ಲಾಡಬಿ, ನಮ್ಮದನ್ನ ನಿನಗ ಕೊಡ್ತೇನಿ, ಇದನ್ನ ನನಗ ಕೊಡ್ತಿಯೇನು?"

ಲಾಡಬಿ ಬಂದೇನವಾಜನ ತಾಯಿ. ಮೊಣಕಾಲು ಹಿಡಿದುಕೊಂಡು ಕೂತಲ್ಲಿಂದಲೇ ಹೇಳುತ್ತಿದ್ದಳು. "ನಿಮ್ಮದು ಗಂಟಲಾ ಹರ್ಕೊಳ್ಳೂದು ಕೇಳಿ ನನ್ನ ಕಿವಿ ಅರ್ಧ ಹೋಗ್ಯಾವ. ನಿಮ್ಮದನ್ನ ನಿಮ್ಮ ಮನ್ಯಾಗ ಇಟ್ಕೊಳ್ರಿ."

ಎಲ್ಲರೂ ನಗುತ್ತಿದ್ದರು. ಆಮೇಲೆ ಪಡಸಾಲೆಯ ಇನ್ನೊಂದು ಬದಿಗೆ ಕಣ್ಣು ಹೋಗುತ್ತಿತ್ತು. ನಗು ಅಲ್ಲಿಗೇ ನಿಲ್ಲುತ್ತಿತ್ತು.

ಅಲ್ಲಿ ಅರ್ಜುವಿನ ತಾಯಿ ಜಾಸ್ಮಿನಳ ಮಗ್ಗ ಇತ್ತು. ನೆಲದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತು ನೇಯುವ ಮಗ್ಗ. ಅದರ ಮೇಲೆ ಮುಕ್ಕಾಲು ನೇಯ್ದ ಸೀರೆ ಹಾಗೇ ಉಳಿದಿತ್ತು. ಹೆರಿಗೆಯ ನೋವು ಬಂದಾಗ ಅವಳು ಲಾಳಿಯನ್ನು ಬದಿಗಿಟ್ಟು, ಸೀರೆಯ ಮೇಲೊಂದು ಹಳೆಯ ದುಪ್ಪಟ್ಟಾ ಹೊದಿಸಿ ಎದ್ದಿದ್ದಳು. ಬಂದು ಮುಗಿಸುತ್ತೇನೆ ಎಂದೇ ಎದ್ದಿದ್ದಳು. ಹೆರಿಗೆ ಆಯಿತು, ರಕ್ತ ನಿಲ್ಲಲಿಲ್ಲ. ಒಂದೇ ದಿನ ಆ ಮನೆಗೆ ಒಂದು ಕೂಸು ಬಂತು, ಆ ಮನೆಯಿಂದ ಒಂದು ಜನಾಜಾ ಹೊರಟಿತು.

ಬಂದೇನವಾಜ ಗ್ರಾನೈಟ್ ಕಾರ್ಖಾನೆಯಲ್ಲಿ ಪಾಲಿಶ್ ಕೆಲಸದವನು. ಇಳಕಲ್ಲಿನ ಕೆಂಪು ಕಲ್ಲನ್ನು ಮುಖ ಕಾಣುವಷ್ಟು ನುಣುಪು ಮಾಡುತ್ತಾನೆ. ಕಲ್ಲು ನುಣುಪಾದಷ್ಟೂ ಅವನ ಅಂಗೈ ಒರಟಾಗುತ್ತಿತ್ತು. ಬೆರಳ ತುದಿಗಳಲ್ಲಿ ಸೀಳು, ಸೀಳಿನ ಅಂಚಿನಲ್ಲಿ ಒಣಗಿದ ಚರ್ಮ. ಕೂಸು ಮನೆಗೆ ಬಂದ ಮೊದಲ ವಾರ ಅವನು ಒಮ್ಮೆ ಅವಳ ಗಲ್ಲ ಸವರಿದ್ದ. ಗಲ್ಲದ ಮೇಲೆ ಕೆಂಪು ಗೆರೆ ಎದ್ದಿತು. ಕೂಸು ಚೀರಿತು. ಅವನು ಅವಳನ್ನು ತಾಯಿಯ ಮಡಿಲಿಗೆ ಹಾಕಿ ಹೊರಗೆ ಹೋದ. ಆಮೇಲೆ ಅವಳನ್ನು ಮುಟ್ಟಲಿಲ್ಲ.

ತೊಟ್ಟಿಲು ತಂದವನೂ ಅವನೇ. ಪಿನ್ನು ಹಾಕಿ, ತೂಗಿ ನೋಡಿ, ತಾಯಿಗೆ ಹೇಳಿದ್ದ. "ನನ್ನ ಕೈಕಿಂತ ಇದು ಮೆತ್ತಗ ಐತಿ, ಅಮ್ಮಾ."

ಸಂಜೆ ಕೆಲಸದಿಂದ ಬಂದು ತೊಟ್ಟಿಲ ಎದುರು ಕುರ್ಚಿ ಹಾಕಿಕೊಂಡು ಕೂಡುತ್ತಿದ್ದ. ಕೈಗಳನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು, ಊಟಕ್ಕೆ ಕರೆಯುವವರೆಗೂ ಮಗಳನ್ನು ನೋಡುತ್ತಿದ್ದ. ಮಗಳು ಪಾರಿವಾಳಗಳನ್ನು ನೋಡುತ್ತಿದ್ದಳು.

ಜಾಸ್ಮಿನಳ ಅಣ್ಣ ಖಲೀಲ ಹುನಗುಂದದಲ್ಲಿ ಹೊಲಿಗೆ ಅಂಗಡಿ ಇಟ್ಟಿದ್ದ. ಒಮ್ಮೆ ಬಂದವನು ಇದನ್ನೆಲ್ಲ ನೋಡಿದ. ಹೊರಡುವಾಗ ಚಪ್ಪಲಿ ಹಾಕಿಕೊಳ್ಳುತ್ತ ಮೆಲ್ಲಗೆ ಹೇಳಿದ.

"ಬಂದೇನವಾಜ, ತಪ್ಪ ತಿಳ್ಕೋಬ್ಯಾಡ. ಅಮ್ಮನ ಕಾಲು ನಡೆಯೂದಿಲ್ಲ. ನೀ ಕೂಸಿಗೆ ಕೈ ಹಚ್ಚೂದಿಲ್ಲ. ಅರ್ಜೂನ್ನ ನಮಗ ಕೊಡು. ನನ್ನ ಹೇಣ್ತಿ ಅದಾಳ, ಹುಡುಗ್ರು ಅದಾವ. ನಮ್ಮ ತಂಗಿ ಕೂಸು, ನಮ್ಮ ಕೂಸಿನಂಗ ನೋಡ್ಕೋತೇವಿ."

ಬಂದೇನವಾಜ ವಾದ ಮಾಡಲಿಲ್ಲ. "ಬರೂ ತಿಂಗಳ ಬಂದ ಒಯ್ರಿ, ಖಲೀಲಭಾಯ್," ಅಂದ. "ತೊಟ್ಟಿಲಾನೂ ಒಯ್ರಿ. ಅದಿಲ್ಲಂದ್ರ ಆಕಿಗೆ ನಿದ್ದಿ ಬರೂದಿಲ್ಲ."

ಆ ವಾರವೇ ಆಶಾ ಕಾರ್ಯಕರ್ತೆ ಗುರುಲಿಂಗವ್ವ ಬಂದಳು. ಚುಚ್ಚುಮದ್ದಿನ ದಿನ ಹೇಳಲು ಬಂದವಳು ಚಹಾಕ್ಕೆ ಕೂತಳು. ಕೂತಲ್ಲಿಂದ ತೊಟ್ಟಿಲು ಕಾಣುತ್ತಿತ್ತು.

"ಹಾಲು ಹ್ಯಾಂಗ ಕುಡಸ್ತೀರಿ, ಲಾಡಬಿ ಅಮ್ಮಾ?"

"ಅಲ್ಲೇ, ತೊಟ್ಟಿಲದಾಗ. ನನ್ನ ಕೈ ನಡಗ್ತಾವಲ್ಲಾ, ಬಾಟಲಿಗೆ ಒಂದು ಅರಬಿ ಮಡಚಿ ಒತ್ತ ಕೊಟ್ಟ ಇಟ್ಟಬಿಡ್ತೇನಿ. ತಾನ ಕುಡೀತಾಳ."

ಗುರುಲಿಂಗವ್ವ ಚಹಾ ಕೆಳಗಿಟ್ಟಳು. "ಅದೊಂದು ಮಾಡಬ್ಯಾಡ್ರಿ ಅಮ್ಮಾ. ಹಾಲು ನೆತ್ತಿಗೇರಿದ್ರ ಉಸರ ಕಟ್ಟತೈತಿ. ಅದರಾಗ ಹಾಡಿನ ಸಪ್ಪಳ, ನಿಮಗ ಕೇಳೂದೂ ಇಲ್ಲ. ತೊಡಿ ಮ್ಯಾಲ ಹಾಕ್ಕೊಂಡು, ತಲಿ ಮ್ಯಾಲ ಮಾಡಿ, ವಾಟಗಾದಾಗ ಹಾಲು ಹಾಕಿ ಚಮಚಾದಿಂದ ಕುಡಸ್ರಿ. ನಿಮ್ಮ ಕೈ ನಡಗಿದ್ರ ಮತ್ತೊಬ್ರು ಕುಡಸ್ಲಿ."

"ಮತ್ತೊಬ್ರು ಯಾರದಾರ?" ಅಂದಳು ಲಾಡಬಿ. ಆ ಮಾತು ಕೊಂಕಿನದಲ್ಲ. ನಿಜವಾಗಿ ಕೇಳಿದ್ದಳು.

ಗುರುಲಿಂಗವ್ವ ಎದ್ದು ಹೋಗಿ ತೊಟ್ಟಿಲ ಮೇಲೆ ಬಾಗಿದಳು. "ಅರ್ಜೂ. ಏ ಅರ್ಜೂ." ಕೂಸಿನ ಕಣ್ಣು ಅವಳ ಭುಜದ ಪಕ್ಕದಿಂದ ಪಾರಿವಾಳಗಳತ್ತ ಸರಿಯಿತು. ಗುರುಲಿಂಗವ್ವ ಗುಂಡಿ ಒತ್ತಿದಳು. ಹಾಡು ನಿಂತಿತು. ತೂಗಾಟ ನಿಂತಿತು. ಅರ್ಜು ಅಳಲಿಲ್ಲ. ನಿಂತುಹೋದ ಪಾರಿವಾಳಗಳನ್ನು ಹಾಗೇ ನೋಡುತ್ತ ಮಲಗಿದ್ದಳು, ಬಾಗಿಲು ಮುಚ್ಚಿದ ಅಂಗಡಿಯ ಮುಂದೆ ನಿಂತವರ ಹಾಗೆ.

ಅವಳು ಎತ್ತಿಕೊಂಡು ನೋಡಿದರೆ ತಲೆಯ ಹಿಂಭಾಗ ಚಪ್ಪಟೆಯಾಗಿತ್ತು. ಅಲ್ಲಿಯ ಕೂದಲು ಸವೆದುಹೋಗಿತ್ತು. ಕತ್ತು ಇನ್ನೂ ಸರಿಯಾಗಿ ನಿಲ್ಲುತ್ತಿರಲಿಲ್ಲ. ಹೆಗಲಿಗೆ ಹಾಕಿಕೊಂಡ ಕೂಸು ಸಾಮಾನ್ಯವಾಗಿ ಸೆರಗನ್ನೋ ಕೂದಲನ್ನೋ ಹಿಡಿಯುತ್ತದೆ. ಅರ್ಜುವಿನ ಕೈಗಳು ಏನನ್ನೂ ಹಿಡಿಯಲಿಲ್ಲ.

ಅಷ್ಟರಲ್ಲಿ ಬಂದೇನವಾಜ ಮಧ್ಯಾಹ್ನದ ಊಟಕ್ಕೆ ಬಂದ. ಮೈತುಂಬ ಕಲ್ಲಿನ ಧೂಳು.

"ತೊಟ್ಟಿಲ ಯಾಕ ಬಂದ್ ಮಾಡೀರಿ?"

"ಕೂಸನ್ನ ಒಮ್ಮಿ ದೊಡ್ಡ ಡಾಕ್ಟರಿಗೆ ತೋರಸೂನ್ರಿ," ಅಂದಳು ಗುರುಲಿಂಗವ್ವ.

"ಯಾಕ? ಜ್ವರ ಇಲ್ಲ, ವಾಂತಿ ಇಲ್ಲ. ಅಳೂದೂ ಇಲ್ಲ. ಅಳದಿದ್ರೂ ತಪ್ಪೇನ್ರಿ ನಿಮ್ಮ ಲೆಕ್ಕದಾಗ?"

"ಅಳೂದು ಆಕಿ ಮಾತಾಡೂ ರೀತಿರಿ. ಕರದ್ರ ಯಾರೂ ಬರೂದಿಲ್ಲ ಅಂತ ಗೊತ್ತಾದ್ರ ಕೆಲವು ಕೂಸು ಕರಿಯೂದ ಬಿಡ್ತಾವ. ಇಲ್ಲಾ ಕಿವಿದೇನರ ತೊಂದ್ರಿ ಇರಬಹುದು. ನನಗ ಗೊತ್ತಿಲ್ಲ. ಗೊತ್ತಿಲ್ಲಂತನ ಡಾಕ್ಟರಿಗೆ ತೋರಸೂನು ಅನ್ನಾಕತ್ತೇನಿ."

ಅವನು ಹೆಗಲಿನ ಟವೆಲಿನಿಂದ ಮುಖದ ಧೂಳು ಒರೆಸಿಕೊಂಡ.

"ನೀವು ಎಂದರ ಎತ್ತಿಕೊಂಡೀರೇನು ಆಕಿನ್ನ?"

ಅವನು ಎರಡೂ ಅಂಗೈ ಚಾಚಿದ. "ನೋಡ್ರಿ ಇವನ್ನ. ಇವುಗಳಿಂದ ಕೂಸು ಹಿಡಿಯೂದೇನ್ರಿ?"

ಗುರುಲಿಂಗವ್ವ ನೋಡಿದಳು. ಕೂಸನ್ನು ಲಾಡಬಿಯ ಮಡಿಲಿಗೆ ಹಾಕಿ, ಡಾಕ್ಟರ ಬಳಿ ಹೋಗುವ ದಿನ ಗೊತ್ತು ಮಾಡಿದಳು.

ಮಕ್ಕಳ ಡಾಕ್ಟರು ಇದ್ದದ್ದು ಬಾಗಲಕೋಟೆಯ ವಿದ್ಯಾಗಿರಿಯಲ್ಲಿ. ಹೊರಡುವ ದಿನ ಬಂದೇನವಾಜ ತೊಟ್ಟಿಲನ್ನು ಮಡಚಿ ಚೀಲಕ್ಕೆ ಹಾಕತೊಡಗಿದ. ಗುರುಲಿಂಗವ್ವನಿಗೆ ನಗು ಬಂತು. "ಬಸ್ಸಿನ್ಯಾಗ ಎಲ್ಲಿ ಹಾಕ್ತೀರಿ ಇದರ ಪಿನ್ನು? ಕಂಡಕ್ಟರನ ಕಿವ್ಯಾಗೇನು?" ಅವನು ನಗಲಿಲ್ಲ. ಆದರೆ ತೊಟ್ಟಿಲು ಮನೆಯಲ್ಲೇ ಉಳಿಯಿತು.

ಡಾಕ್ಟರು ಫ್ಯಾನು ಬಂದ್ ಮಾಡಿಸಿದರು. ಕೋಣೆ ಶಾಂತವಾದ ಮೇಲೆ ಅರ್ಜುವಿನ ಹಿಂದೆ ನಿಂತು ಸಣ್ಣ ಗಿಲಕಿ ಆಡಿಸಿದರು. ಕೂಸು ತಡವಾಗಿ, ಆದರೆ ನಿಶ್ಚಯವಾಗಿ, ಆ ಕಡೆ ತಿರುಗಿತು. ಮತ್ತೊಂದು ಬದಿಯಿಂದ ಆಡಿಸಿದರು. ಅತ್ತಲೂ ತಿರುಗಿತು. ಕಣ್ಣು ನೋಡಿದರು, ಕಾಲು ಮಡಚಿ ನೋಡಿದರು, ಹೊಟ್ಟೆಯ ಮೇಲೆ ಮಲಗಿಸಿ ಕತ್ತು ಎತ್ತುತ್ತಾಳೋ ಎಂದು ನೋಡಿದರು.

"ಕಿವಿ ಛಲೋ ಅದಾವ. ಕಣ್ಣೂ ಛಲೋ ಅದಾವ. ಸದ್ಯಕ್ಕ ರೋಗ ಅಂತ ಏನೂ ಕಾಣವಲ್ದು," ಅಂದರು.

"ಹಂಗಾರ ಏನ ಕಡಿಮಿ ಬಿದ್ದೈತ್ರಿ ಆಕಿಗೆ?" ಬಂದೇನವಾಜ ಕೇಳಿದ.

"ಮನಷಾರು," ಅಂದರು ಡಾಕ್ಟರು.

ಆಮೇಲೆ ಡಾಕ್ಟರು ಕುರ್ಚಿ ಮುಂದೆ ಎಳೆದುಕೊಂಡರು. "ನೋಡ್ರಿ, ನಾ ತೊಟ್ಟಿಲಾ ಒಗೀರಿ ಅನ್ನೂದಿಲ್ಲ. ಅಮ್ಮಾರಿಗೆ ವಯಸ್ಸಾಗೈತಿ, ಒಲಿ ಮುಂದ ಹೋಗಬೇಕಂದ್ರ ಸ್ವಲ್ಪ ಹೊತ್ತು ಹಾಕ್ರಿ. ಬೆಲ್ಟ್ ಕಟ್ಟಿ, ಕಣ್ಣ ಮುಂದ ಇಟ್ಕೊಂಡು. ನಿದ್ದಿ ಹತ್ತಿದ್ರ ತಗದು ಸಪಾಟ ಹಾಸಗಿ ಮ್ಯಾಲ ಅಂಗಾತ ಮಲಗಸ್ರಿ. ಎಚ್ಚರ ಇದ್ದಾಗ ಕೂಸು ನಿಮ್ಮ ಕೈಯಾಗ ಇರಬೇಕು. ದಿನಾ ಸ್ವಲ್ಪ ಸ್ವಲ್ಪ ಹೊಟ್ಟಿ ಮ್ಯಾಲ ಮಲಗಸ್ರಿ, ಎದುರಿಗೆ ನೀವು ಕುಂದರ್ರಿ. ಮಾತಾಡ್ರಿ. ಮಷೀನು ತೂಗತೈತಿ ಖರೆ. ಆದ್ರ ಆಕಿ ನಕ್ಕಾಗ ತಿರುಗಿ ನಗೂದು ಅದಕ್ಕ ಬರೂದಿಲ್ಲ. ತಿರುಗಿ ನಗೂ ಮುಖ ನೋಡೇ ಕೂಸು ಕಲೀತಾವ. ಮುಂದಿನ ತಿಂಗಳ ಮತ್ತ ಕರಕೊಂಡ ಬರ್ರಿ, ನೋಡೂನು."

"ಔಷಧಾ?" ಲಾಡಬಿ ಕೇಳಿದಳು.

"ಏನೂ ಬ್ಯಾಡ್ರಿ."

ಬರುವಾಗ ಬಸ್ಸಿನಲ್ಲಿ ಲಾಡಬಿ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ತೂಕಡಿಸಿದಳು. ತಿರುವಿನಲ್ಲಿ ಬಸ್ಸು ವಾಲಿತು. ಅರ್ಜುವಿನ ತಲೆ ಜಾರಿತು. ಬಂದೇನವಾಜ ತಟ್ಟನೆ ಕೈ ಕೊಟ್ಟ. ಆದರೆ ಕೈ ಕೊಡುವ ಮೊದಲು ಅದಕ್ಕೆ ಹೆಗಲಿನ ಟವೆಲ್ ಸುತ್ತಿಕೊಂಡಿದ್ದ. ಇಳಕಲ್ ಬರುವವರೆಗೂ ಮಗಳ ತಲೆ ಆ ಟವೆಲಿನ ಮೇಲೆ ಇತ್ತು.

ಇಳಿದ ಮೇಲೆ ಅವನು ಹೇಳಿದ. "ಡಾಕ್ಟರು ಹೇಳಿದ್ದು ಕೇಳಿದ್ರೆಲ್ಲಾ. ಆಕಿಗೆ ಮನಷಾರು ಬೇಕಂತ. ಖಲೀಲಭಾಯ್ ಮನಿ ತುಂಬ ಮಂದಿ ಅದಾರ. ಅಲ್ಲೇ ಛಲೋ ಆಕ್ಕಾಳ."

ಗುರುಲಿಂಗವ್ವ ಏನೋ ಹೇಳಲು ಬಾಯಿ ತೆರೆದಳು. ಅವನು ಆಗಲೇ ಮುಂದೆ ನಡೆದಿದ್ದ.

ಲಾಡಬಿಗೆ ಒಂದೇ ಆಸೆ ಉಳಿಯಿತು. ಕೂಸಿನ ಜೊತೆ ಆ ಸೀರೆ ಹೋಗಬೇಕು. ಅವಳು ಪಕ್ಕದ ಮನೆಯ ಸತ್ಯವ್ವನನ್ನು ಕರೆಸಿದಳು. ಸತ್ಯವ್ವನೂ ನೇಕಾರಳು. ಜಾಸ್ಮಿನ ಮದುವೆಯಾಗಿ ಬಂದಾಗಿನಿಂದ ಗೋಡೆಯ ಆಚೆ ಈಚೆ ಕೂತು ಇಬ್ಬರೂ ನೇಯ್ದಿದ್ದರು. ಒಬ್ಬಳ ಮಗ್ಗ ನಿಂತರೆ ಇನ್ನೊಬ್ಬಳು, "ಏನಾತ?" ಎಂದು ಕೂಗುತ್ತಿದ್ದಳು.

"ತಾಯಿ ನೇಯ್ದದ್ದು ಮಗಳಿಗೆ ಇರಲಿ, ಸತ್ಯಾ. ಉಳಿದದ್ದ ನೀ ಮುಗಿಸಿ ಕೊಡು."

ಸತ್ಯವ್ವ ದುಪ್ಪಟ್ಟಾ ಸರಿಸಿದಳು. ಅದರ ಮೇಲೆ ಧೂಳು ಕೂತಿತ್ತು. ಅವಳು ಅದನ್ನು ಕೊಡವಲಿಲ್ಲ. ಮಡಚಿ ಬದಿಗಿಟ್ಟಳು. ಕುಣಿಯಲ್ಲಿ ಇಳಿದು ಕೂತು, ಜಾಸ್ಮಿನ ನಿಲ್ಲಿಸಿದ ಜಾಗದಿಂದ ನೇಯತೊಡಗಿದಳು. ಕೆಲವು ದಿನ ಮಧ್ಯಾಹ್ನ ಬಂದು ಹೋದಳು. ಸೀರೆಯ ಮೈ ಮುಗಿಯಿತು. ಸೆರಗು ಬಂತು. ಮೈಯ ಎಳೆಗಳಿಗೆ ಮೊದಲೇ ಕೂಡಿಸಿಟ್ಟಿದ್ದ ಸೆರಗಿನ ಕೆಂಪು ರೇಷ್ಮೆ ಎಳೆಗಳನ್ನು ಇಲಿ ಕಡಿದಿತ್ತು. ಕಡಿದ ಎಳೆಗಳನ್ನು ಗಂಟು ಹಾಕಬೇಕು. ಅದು ಒಬ್ಬರ ಕೆಲಸವಲ್ಲ. ಎದುರಿಗೆ ಕೂತು ಎಳೆ ಹಿಡಿದು ಕೊಡಲು ಇನ್ನೊಬ್ಬರು ಬೇಕು.

ಅಂದು ರವಿವಾರ. ಬಂದೇನವಾಜ ಮನೆಯಲ್ಲಿದ್ದ.

"ಏ ನವಾಜ, ಬಾ ಇಲ್ಲಿ. ಎದುರಿಗೆ ಕುಂದ್ರು."

"ನಾ ಒಲ್ಲೆ ಅಕ್ಕಾ. ನನ್ನ ಕೈಗೆ ರೇಷ್ಮಿ ಹಿಡಕೊಂಡು ಹರೀತೈತಿ."

"ಈ ಸೆರಗಿನ ಎಳಿ ಕೂಡಿಸುವಾಗ ಆಕಿ ಎದುರಿಗೆ ಕುಂತಾಂವ ಯಾರು? ನಿಮ್ಮ ಕಾರ್ಖಾನಿ ಮಾಲಕನೇನು?"

ಅವನು ಬಾಗಿಲ ಚೌಕಟ್ಟಿಗೆ ಒರಗಿದ.

"ಆವಾಗ ಕೈಗೆ ಏನ್ ಮಾಡ್ಕೊಂಡು ಬಂದು ಕುಂದರ್ತಿದ್ದಿ? ಅದನ್ನ ಮಾಡ್ಕೊಂಡು ಬಾ. ಮರತಿಯೇನು?"

ಅವನು ಮರೆತಿರಲಿಲ್ಲ. ಪ್ರತಿ ಹೊಸ ಸೀರೆಗೂ ಅದೊಂದು ಕ್ರಮ ಇತ್ತು. ಬಿಸಿನೀರಿನಲ್ಲಿ ಕೈ ನೆನೆಸುವುದು. ಕಾರ್ಖಾನೆಯಿಂದ ತಂದ ಸವೆದ ಪಾಲಿಶ್ ಪ್ಯಾಡಿನಿಂದ ಅಂಗೈಯ ಗಡಸು ತಿಕ್ಕುವುದು. ಕೊಬ್ಬರಿ ಎಣ್ಣೆ ಹಚ್ಚಿ ಬಿಡುವುದು. ಎಣ್ಣೆ ರೇಷ್ಮೆಗೆ ತಾಗಬಾರದೆಂದು ಕಡಲೆ ಹಿಟ್ಟಿನಿಂದ ತೊಳೆಯುವುದು. "ಕಲ್ಲಿಗೆ ಅಷ್ಟ ಪಾಲಿಶ್ ಮಾಡ್ತೀರಿ, ಒಂದೀಟು ನಿಮಗೂ ಮಾಡ್ಕೊಳ್ರಿ," ಎಂದು ಜಾಸ್ಮಿನ ನಗುತ್ತಿದ್ದಳು. ಎಲ್ಲ ಮುಗಿದ ಮೇಲೆ ಅವನ ಅಂಗೈಯನ್ನು ತನ್ನ ಗಲ್ಲಕ್ಕೆ ಒತ್ತಿ ಒಮ್ಮೆ ಎಳೆಯುತ್ತಿದ್ದಳು. ಚುಚ್ಚಿದರೆ, "ಇನ್ನೊಮ್ಮಿ." ಚುಚ್ಚದಿದ್ದರೆ, "ಆತು, ಬರ್ರಿ."

ಅವನು ನೀರು ಕಾಯಿಸಿದ. ಪ್ಯಾಡು ಹುಡುಕಿದ. ಅದು ಇಟ್ಟಲ್ಲೇ ಇತ್ತು. ಎಲ್ಲವನ್ನೂ ಹಾಗೆಯೇ ಮಾಡಿಕೊಂಡು ಬಂದು ಮಗ್ಗದ ಎದುರು ನಿಂತ. ಕೊನೆಯದೊಂದು ಮಾತ್ರ ಮಾಡಲು ಯಾರೂ ಇರಲಿಲ್ಲ. ಚಾಚಿದ ಕೈಯನ್ನು ಏನು ಮಾಡಬೇಕೆಂದು ತಿಳಿಯದೆ ಹಾಗೇ ನಿಂತ.

ಸತ್ಯವ್ವ ಒಂದು ರೇಷ್ಮೆ ಎಳೆ ತೆಗೆದು ಅವನ ಅಂಗೈ ಮೇಲೆ ಎಳೆದಳು. ಎಳೆ ಎಲ್ಲೂ ಸಿಕ್ಕಿಕೊಳ್ಳಲಿಲ್ಲ.

"ಆತು. ಕುಂದ್ರು."

ಇಬ್ಬರೂ ಕೆಲಸ ಹಿಡಿದರು. ಅವನು ಎಳೆ ಹುಡುಕಿ ಕೊಡುತ್ತಿದ್ದ, ಅವಳು ಗಂಟು ಹಾಕುತ್ತಿದ್ದಳು. ಒಳಗೆ ಲಾಡಬಿ ಇಳಿಹೊತ್ತಿನ ಅಸರ್ ನಮಾಜಿಗೆ ನಿಂತಿದ್ದಳು. ಮೂಲೆಯಲ್ಲಿ ತೊಟ್ಟಿಲು ತೂಗುತ್ತಿತ್ತು, ಹಾಡು ತಿರುಗುತ್ತಿತ್ತು. ಆಗ ಕರೆಂಟು ಹೋಯಿತು.

ಹಾಡು ನಡುವೆಯೇ ನಿಂತಿತು. ಅರ್ಜು ಒಂದು ಸಣ್ಣ ಸದ್ದು ಮಾಡಿದಳು. ಅದು ಅಳುವಲ್ಲ. ಯಾರಾದರೂ ಇದ್ದಾರೋ ಎಂದು ಕೇಳಿದ ಹಾಗಿತ್ತು.

"ಎತ್ತಿಕೊ ಹೋಗು," ಅಂದಳು ಸತ್ಯವ್ವ.

"ನೀವು ಎತ್ತರಿ."

"ನನ್ನ ಎರಡೂ ಕೈಯಾಗ ಎಳಿ ಅದಾವ. ಬಿಟ್ರ ಮಾಡಿದ್ದೆಲ್ಲಾ ಹೋಗತೈತಿ. ನಿಮ್ಮಮ್ಮ ನಮಾಜ ಮಾಡಾಕತ್ತಾಳ. ಇನ್ಯಾರನ್ನ ಕರೀಲಿ?"

"ನನ್ನ ಕೈ ಅಕ್ಕಾ, ಗಲ್ಲದ ಮ್ಯಾಲ ಆವತ್ತ..."

"ಆವತ್ತ ಕಲ್ಲು ಹಿಡದ ಕೈಯಿಂದ ಹಂಗ ಮುಟ್ಟಿದಿ. ಇವತ್ತ ತಯಾರ ಮಾಡ್ಕೊಂಡಿ. ಈಗ ನೋಡಿದ್ನೆಲ್ಲಾ, ಎಳಿ ಸೈತ ಹಿಡೀಲಿಲ್ಲ." ಸತ್ಯವ್ವನ ದನಿ ಇಳಿಯಿತು. "ಸೀರಿಗೆ ಇಷ್ಟ ಮಾಡ್ತಿದ್ದಿ. ಮಗಳಿಗೆ ಮಾಡಬೇಕಂತ ಯಾಕ ಹೊಳೀಲಿಲ್ಲೋ ನಿನಗ?"

ಬಂದೇನವಾಜ ಎದ್ದ. ತೊಟ್ಟಿಲ ಬಳಿ ಹೋಗಿ, ಕತ್ತಿನ ಕೆಳಗೆ ಒಂದು ಕೈ, ಬೆನ್ನ ಕೆಳಗೆ ಒಂದು ಕೈ ಇಟ್ಟು ಎತ್ತಿದ. ಕೂಸು ಸೆಟೆದುಕೊಂಡಿತು. ಕೈಗಳನ್ನು ಅಗಲಿಸಿತು. ಅವನ ಮುಖ ನೋಡಿತು. ಅದು ಗುರುತಿಲ್ಲದ ಮುಖ. ಅರ್ಜು ಅಳತೊಡಗಿದಳು. ಇಡೀ ಓಣಿಗೆ ಕೇಳುವ ಹಾಗೆ ಅತ್ತಳು.

ನಮಾಜು ಮುಗಿಸಿದ ಲಾಡಬಿ ಗೋಡೆ ಹಿಡಿದುಕೊಂಡು ಬಂದಳು. "ಯಾರ ಕೂಸು ಅಳಾಕ ಹತ್ತೇತಿ?"

"ನಮ್ದು, ಅಮ್ಮಾ."

ಲಾಡಬಿ ಬಾಗಿಲಲ್ಲೇ ಕೂತುಬಿಟ್ಟಳು.

ಬಂದೇನವಾಜ ಕೂಸನ್ನು ಮತ್ತೆ ತೊಟ್ಟಿಲಿಗೆ ಇಡಲು ಬಾಗಿದ. "ಇಡಬ್ಯಾಡ," ಅಂದಳು ಸತ್ಯವ್ವ. "ಆಕಿಗೆ ನಿನ್ನ ಗುರತ ಇಲ್ಲ. ಗುರತ ಹೇಳು."

"ಏನಂತ ಹೇಳ್ಲಿ?"

"ಮೊದ್ಲ ಹೆಸರ ಹೇಳು."

ಅವನು ಮಗಳನ್ನು ಎದೆಗೆ ಒತ್ತಿಕೊಂಡು ಪಡಸಾಲೆಯಲ್ಲಿ ಅತ್ತಿಂದಿತ್ತ ನಡೆದ. ಆಮೇಲೆ ಹೇಳಿದ. "ನಾ ಬಂದೇನವಾಜ. ನಿನ್ನ ಅಬ್ಬಾ ನಾ. ಕಲ್ಲಿನ ಕೆಲಸಾ ಮಾಡ್ತೇನಿ. ದಿನಾ ಸಂಜಿಗೆ ಆ ಕುರ್ಚಿ ಮ್ಯಾಲ ಕುಂದರ್ತೇನಲ್ಲಾ, ಅದು ನಾನ." ಕೂಸು ಅಳುತ್ತಲೇ ಇತ್ತು. ಅವನು ಮಾತಾಡುತ್ತಲೇ ಇದ್ದ. ಮಗ್ಗದ ಬಳಿ ಹೋದ. "ಇದು ನಿಮ್ಮ ಅಮ್ಮೀದು. ಇಲ್ಲೀಮಟಾ ಆಕಿ ನೇಯ್ದಾಳ. ಹೊಟ್ಟ್ಯಾಗ ನೀ ಇದ್ದಿ. ಲಾಳಿ ಹೊಡದಾಗೆಲ್ಲಾ ಒದೀತಾಳಂತ ಹೇಳ್ತಿದ್ಲು." ಹೆಂಡತಿ ಹೋದ ಮೇಲೆ ಅವಳ ಬಗ್ಗೆ ಅವನು ಆಡಿದ ಮೊದಲ ಮಾತು ಅದು. ಹೇಳಿದ್ದು ಮಾತು ಬಾರದ ಕೂಸಿಗೆ.

ಬಹಳ ಹೊತ್ತು ಅತ್ತ ಮೇಲೆ ಅರ್ಜು ಬಿಕ್ಕತೊಡಗಿದಳು. ಬಿಕ್ಕುತ್ತ ಅವನ ಬಾಯಿ ನೋಡಿದಳು. ಮಾತು ಎಲ್ಲಿಂದ ಬರುತ್ತಿದೆ ಎಂದು ಹುಡುಕುವ ಹಾಗೆ ನೋಡಿದಳು. ಕಣ್ಣು ಜಾಸ್ಮಿನಳ ಕಣ್ಣೇ. ಅವನಿಗೆ ತಡೆಯಲಾಗದೆ ಮುಖ ತಿರುಗಿಸಿದ. ಆಮೇಲೆ, ತಡೆಯಲಾಗದಿದ್ದರೂ, ಮತ್ತೆ ಮಗಳತ್ತ ತಿರುಗಿದ. ಅವಳ ಗಲ್ಲದ ಮೇಲೆ ಅಂಗೈ ಇಟ್ಟ. ಗೆರೆ ಏಳಲಿಲ್ಲ.

ಒಂದೇ ದಿನದಲ್ಲಿ ಎಲ್ಲ ಸರಿಹೋಯಿತು ಎಂದು ಹೇಳಿದರೆ ಅದು ಸುಳ್ಳಾಗುತ್ತದೆ. ಮರುದಿನವೂ ಅವಳು ಅತ್ತಳು. ಅದರ ಮರುದಿನ ಅವನು ಬೇಸತ್ತು ಗುಂಡಿ ಒತ್ತಲು ಹೋದ, ಲಾಡಬಿ ಪಿನ್ನು ಕಿತ್ತು ತನ್ನ ಮಡಿಲಲ್ಲಿ ಇಟ್ಟುಕೊಂಡಿದ್ದಳು. ಕೆಲಸದಿಂದ ಬಂದ ಕೂಡಲೇ ಅವನು ಮೈ ತೊಳೆದು, ಅಂಗಿ ಬದಲಿಸಿ, ಕೈ ತಯಾರು ಮಾಡಿಕೊಳ್ಳುತ್ತಿದ್ದ. ಮಗಳನ್ನು ತೊಡೆಯ ಮೇಲೆ ಹಾಕಿಕೊಂಡು ಚಮಚದಿಂದ ಹಾಲು ಕುಡಿಸಲು ಕಲಿತ. ಅರ್ಧ ಹಾಲು ಅವನ ಲುಂಗಿಗೇ ಆಗುತ್ತಿತ್ತು. "ಕೂಸಿಗಿಂತ ನಿನ್ನ ಲುಂಗಿ ದಪ್ಪಾಗಾಕತ್ತೇತಿ," ಎಂದು ಸತ್ಯವ್ವ ಗೋಡೆಯ ಆಚೆಯಿಂದ ಅಣಕಿಸುತ್ತಿದ್ದಳು. ಚಾಪೆಯ ಮೇಲೆ ಮಗಳನ್ನು ಹೊಟ್ಟೆಯ ಮೇಲೆ ಮಲಗಿಸಿ, ಎದುರಿಗೆ ತಾನೂ ಹಾಗೇ ಮಲಗುತ್ತಿದ್ದ. ಗುರುಲಿಂಗವ್ವ ಒಮ್ಮೆ ಬಂದಾಗ ಅಪ್ಪ ಮಗಳು ಹೀಗೆ ಮುಖಕ್ಕೆ ಮುಖ ಕೊಟ್ಟು ಮಲಗಿದ್ದರು. ಅರ್ಜು ಕತ್ತು ಎತ್ತಿ ನಡುಗುತ್ತ ಅವನನ್ನು ನೋಡುತ್ತಿದ್ದಳು. ಅವನು ನಕ್ಕ. ಅವಳು ಸ್ವಲ್ಪ ಯೋಚಿಸಿದ ಹಾಗೆ ತಡೆದು, ನಕ್ಕಳು.

ತೊಟ್ಟಿಲು ಮನೆಯಲ್ಲೇ ಇದೆ. ಲಾಡಬಿ ರೊಟ್ಟಿ ಬಡಿಯುವಾಗ ಸ್ವಲ್ಪ ಹೊತ್ತು ತೂಗುತ್ತದೆ. ಬೆಲ್ಟ್ ಕಟ್ಟಿರುತ್ತದೆ, ಅವಳ ಕಣ್ಣೂ ಅಲ್ಲೇ ಇರುತ್ತದೆ.

ಹೇಳಿದ ಹಾಗೆ ಮುಂದಿನ ತಿಂಗಳು ಖಲೀಲ ಬಂದ. ಕೂಸಿಗೆಂದು ತಾನೇ ಹೊಲಿದ ಫ್ರಾಕು ತಂದಿದ್ದ. ಒಯ್ಯಿರಿ ಎಂದು ಬಂದೇನವಾಜ ತಾನೇ ಹೇಳಿದ್ದ. ಕೊಟ್ಟ ಮಾತು. ಮಗಳನ್ನು ಖಲೀಲನ ಕೈಗೆ ಕೊಟ್ಟ. ಅರ್ಜು ಮಾವನ ಮುಖ ನೋಡಿದಳು, ಗಡ್ಡ ನೋಡಿದಳು. ತಿರುಗಿ ಅಪ್ಪನನ್ನು ಹುಡುಕಿದಳು. ಅವನು ಎರಡು ಹೆಜ್ಜೆ ದೂರ ನಿಂತಿದ್ದ. ಅವಳ ತುಟಿ ಅದುರಿತು. ಎರಡೂ ಕೈಗಳನ್ನು ಅವನತ್ತ ಚಾಚಿ ಜೋರಾಗಿ ಅತ್ತಳು.

ಬಂದೇನವಾಜ ಕೈ ಚಾಚಿದ.

ಖಲೀಲ ಕೂಸನ್ನು ಅವನಿಗೆ ಕೊಟ್ಟು ಕಣ್ಣೊರೆಸಿಕೊಂಡ. "ಜಾಸ್ಮಿನನೂ ಸಣ್ಣಾಕಿ ಇದ್ದಾಗ ಹಿಂಗ ಅಳ್ತಿದ್ಲು, ನಾ ಸಾಲಿಗೆ ಹೊಂಟ್ರ," ಅಂದ. ಫ್ರಾಕು ಬಿಟ್ಟು, ಬರಿಗೈಯಲ್ಲಿ ಹುನಗುಂದದ ಬಸ್ಸು ಹತ್ತಿದ. ಅವನ ದುಃಖ ಅವನ ಜೊತೆಗೇ ಹೋಯಿತು. ಅದಕ್ಕೆ ಯಾರ ಬಳಿಯೂ ಪರಿಹಾರ ಇರಲಿಲ್ಲ.

ಸತ್ಯವ್ವ ಮುಗಿಸಿಕೊಟ್ಟ ಸೀರೆ ಪೆಟ್ಟಿಗೆಯಲ್ಲಿದೆ. ಬಿಚ್ಚಿ ಬೆಳಕಿಗೆ ಹಿಡಿದರೆ ಒಂದು ಕಡೆ ನೇಯ್ಗೆಯ ಬಿಗಿ ಸ್ವಲ್ಪ ಬದಲಾಗಿರುವುದು ಕಾಣುತ್ತದೆ. ಅಲ್ಲಿ ಜಾಸ್ಮಿನಳ ಕೈ ಮುಗಿದಿದೆ, ಇನ್ನೊಬ್ಬರ ಕೈ ಶುರುವಾಗಿದೆ. ಬಂದೇನವಾಜ ಆ ಜಾಗವನ್ನು ಮಗಳಿಗೆ ಮುಟ್ಟಿಸುತ್ತಾನೆ. ಮೊದಲ ಐದು ತಿಂಗಳು ಅವನಿಗೆ ತಿರುಗಿ ಸಿಗುವುದಿಲ್ಲ. ಅದು ಅವನಿಗೆ ಗೊತ್ತು.

ಇದನ್ನು ಓದುತ್ತಿರುವ ಅಕ್ಕ, ಅಣ್ಣ, ನಿಮ್ಮ ಮನೆಯಲ್ಲೂ ಒಂದು ಕರೆಂಟ್ ತೊಟ್ಟಿಲು ಇರಬಹುದು. ಇಲ್ಲವೇ ಹಾಡು ಹೇಳುವ ಆಟಿಕೆ, ಅಥವಾ ಕೂಸಿನ ಎದುರು ಒರಗಿಸಿಟ್ಟ ಮೊಬೈಲು. ಇದ್ದರೆ ನೀವು ಕೆಟ್ಟವರಲ್ಲ. ದುಡಿಯುವ ಮನೆಗೆ ಕೈ ಸಾಲುವುದಿಲ್ಲ. ದುಃಖದ ಮನೆಗೆ ಕೈ ಏಳುವುದೇ ಇಲ್ಲ. ತೊಟ್ಟಿಲು ಸ್ವಲ್ಪ ಹೊತ್ತು ತೂಗಲಿ, ಬೆಲ್ಟ್ ಕಟ್ಟಿ, ನಿಮ್ಮ ಕಣ್ಣೆದುರು. ಮೊಬೈಲು ಮಾತ್ರ ಕೂಸಿನಿಂದ ದೂರ ಇರಲಿ. ನಿದ್ದೆ ಹೋದ ಕೂಸನ್ನು ತೆಗೆದು ಸಪಾಟ ಹಾಸಿಗೆಯ ಮೇಲೆ ಅಂಗಾತ ಮಲಗಿಸಿ. ಬಾಟಲಿ ಒರಗಿಸಿ ಹಾಲು ಕುಡಿಸಬೇಡಿ. ಎಚ್ಚರವಿದ್ದಾಗ ಎತ್ತಿಕೊಳ್ಳಿ, ಮುಖ ತೋರಿಸಿ, ಏನಾದರೂ ಮಾತಾಡಿ. ಅಡುಗೆಯ ಮಾತಾದರೂ ಸರಿ, ಕಾರ್ಖಾನೆಯ ಮಾತಾದರೂ ಸರಿ. ಕರೆದರೆ ತಿರುಗದ, ಮುಖ ನೋಡದ, ತೀರಾ ಸುಮ್ಮನಿರುವ ಕೂಸನ್ನು ಶಾಣ್ಯಾ ಎಂದು ಹೊಗಳಿ ಬಿಡಬೇಡಿ. ನಿಮ್ಮ ಓಣಿಯ ಆಶಾ ಕಾರ್ಯಕರ್ತೆಗೆ ಹೇಳಿ, ದವಾಖಾನೆಗೆ ತೋರಿಸಿ. ಕೂಸನ್ನು ಮುಟ್ಟಲು ನಿಮಗೇ ಮನಸ್ಸು ಬಾರದಿದ್ದರೆ, ಭಯವಾದರೆ, ಅದನ್ನೂ ಅವರಿಗೆ ಹೇಳಿ. ಹೇಳುವುದರಲ್ಲಿ ನಾಚಿಕೆ ಇಲ್ಲ.

ಅಪ್ಪಂದಿರೇ, ನಿಮಗೆ ಇನ್ನೊಂದು ಮಾತು. ಕೈ ಒರಟು ಎನ್ನಬೇಡಿ. ಸಂಜೆ ಮನೆಗೆ ಬಂದು ಸ್ವಲ್ಪ ಬಿಸಿನೀರು ಕಾಯಿಸಿ, ಕೈ ತೊಳೆದು ಎಣ್ಣೆ ಹಚ್ಚಿಕೊಳ್ಳಿ.

ಇಳಕಲ್ಲಿನ ಆ ಓಣಿಯಲ್ಲಿ ಎಲ್ಲ ಕೂಸುಗಳೂ ಅಳುತ್ತವೆ. ಈಗ ಅರ್ಜುವೂ ಅಳುತ್ತಾಳೆ. ಅಳು ಕೇಳಿದರೆ ಒಬ್ಬ ಗಂಡಸು ಏಳುತ್ತಾನೆ.